ಆರರಲ್ಲಿ ಒಂದಕ್ಕೆ ಗುಂಡು

ತಮ್ಮಾ,

ನಿಮ್ಮ ಆಂಬುಲೆನ್ಸ್ ಸ್ವಯಂಸೇವಕರ ತಂಡಕ್ಕೆ ಪೊಲೀಸರು ತೊಟ್ಟು ಬಿಟ್ಟ ಆರು ಬುಲೆಟ್‌ಪ್ರೂಫ್ ಜಾಕೆಟ್ ಅಗ್ಗಕ್ಕೆ ಸಿಕ್ಕಿವೆ. ಶನಿವಾರ ಎಲ್ಲರೂ ಶೂಟಿಂಗ್ ರೇಂಜಿಗೆ ಹೋಗಿ ಒಂದಕ್ಕೆ ಗುಂಡು ಹೊಡೆದು ನೋಡುತ್ತೀರಿ. ಅದು ತಡೆದರೆ ಉಳಿದ ಐದನ್ನು ರಾತ್ರಿ ಪಾಳಿಯವರು ತೊಡುತ್ತಾರೆ. ನೀನು ಫೋನಿನಲ್ಲಿ ಹೇಳಿದ್ದು ಇಷ್ಟು ತಾನೆ? ಗುಂಡು ಹೊಡೆಯುವುದಕ್ಕೆ ನನ್ನ ತಕರಾರಿಲ್ಲ. ಆಮೇಲೆ ಆ ಐದನ್ನು ತೊಡುವುದಕ್ಕಿದೆ. ಫೋನಿನಲ್ಲೇ ಹೇಳಿದ್ದರೆ "ಆಯ್ತು ದೊಡ್ಡಪ್ಪ, ಆಯ್ತು" ಅಂತ ಮುಗಿಸಿಬಿಡುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಬಂದೂಕು ಮುಟ್ಟದ ದಾವಣಗೆರೆಯ ಮುದುಕನಿಗೆ ಟೆಕ್ಸಾಸಿನ ಜಾಕೆಟ್ಟಿನ ಉಸಾಬರಿ ಯಾಕೆ ಅನ್ನಬೇಡ. ಜಾಕೆಟ್ ಅಂದರೆ ಕೊನೆಗೂ ಬಟ್ಟೆಯೇ. ಅದಕ್ಕೂ ಹಾಸು ಹೊಕ್ಕು ಇದೆ, ಅದರ ನೂಲಿಗೂ ಒಂದು ತಾಕತ್ತು ಇದೆ. ಮಿಲ್ಲಿನ ಟೆಸ್ಟಿಂಗ್ ರೂಮಿನಲ್ಲಿ ನೂಲು ಎಳೆದು, ಬಟ್ಟೆ ಹರಿದು ನೋಡುವುದೇ ನನ್ನ ಹೊಟ್ಟೆಪಾಡಾಗಿತ್ತು. ಕಣ್ಣಿಗೆ ಹೊಳೆಯುವ ಬಟ್ಟೆ ಮೆಷಿನ್ನಿನ ಹಿಡಿಯಲ್ಲಿ ಪರ್ ಅಂತ ಹರಿಯುವುದನ್ನು ನೋಡಿದವನಿಗೆ ಬಟ್ಟೆಯ ಮೇಲೆ ಒಂದು ಬಗೆಯ ಗುಮಾನಿ ಉಳಿದುಬಿಡುತ್ತದೆ. ಆ ಗುಮಾನಿಯನ್ನೇ ನಿನಗಿಷ್ಟು ಕೊಡೋಣ ಅಂತ.

ನಿಮ್ಮ ಜಾಕೆಟ್ಟಿನೊಳಗೆ ಇರಬಹುದಾದ ನೂಲು ಕೆವ್ಲಾರ್. 1965ರಲ್ಲಿ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಸ್ಟೆಫನಿ ಕ್ವೊಲೆಕ್ ಎಂಬ ರಸಾಯನ ವಿಜ್ಞಾನಿ ಕಂಡುಹಿಡಿದದ್ದು. ತೂಕಕ್ಕೆ ತೂಕ ಹಿಡಿದರೆ ಉಕ್ಕಿಗಿಂತ ಐದು ಪಟ್ಟು ಗಟ್ಟಿ. ಇದನ್ನು ನೇಯ್ದು, ಪದರದ ಮೇಲೆ ಪದರ ಇಟ್ಟು ಹೊಲಿದರೆ ಪಿಸ್ತೂಲಿನ ಗುಂಡು ಎಳೆಗಳ ಹೆಣಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಎಳೆಗಳು ಹಿಗ್ಗುತ್ತಾ ಅದರ ರಭಸವನ್ನು ಸುತ್ತಲಿಗೆ ಹಂಚುತ್ತವೆ, ಸೀಸ ಚಪ್ಪಟೆಯಾಗಿ ನಿಲ್ಲುತ್ತದೆ. 1970ರ ದಶಕದಲ್ಲಿ ಅಮೆರಿಕದ ನ್ಯಾಯ ಇಲಾಖೆಯ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್, ಅಂದರೆ ಎನ್‌ಐಜೆ, ಇದನ್ನು ಪೊಲೀಸರ ಮೈಮೇಲೆ ತಂದಿತು. ಅಂದಿನಿಂದ ಇಂಥ ಜಾಕೆಟ್‌ಗಳು 3,000ಕ್ಕೂ ಹೆಚ್ಚು ಪೊಲೀಸರ ಜೀವ ಉಳಿಸಿವೆ. ಜಾಕೆಟ್ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ನಿನ್ನ ಕೈಗೆ ಬಂದಿರುವ ಈ ಜಾಕೆಟ್ ಇವತ್ತು ಕೆಲಸ ಮಾಡುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ನಿಮ್ಮಮ್ಮ ಒಂದು ಅಗುಳು ಹಿಸುಕುತ್ತಾಳೆ, ಅಷ್ಟು ಸಾಕು. ಯಾಕೆ ಸಾಕು? ಎಲ್ಲ ಅಗುಳೂ ಒಂದೇ ಅಕ್ಕಿ, ಒಂದೇ ಪಾತ್ರೆ, ಒಂದೇ ಉರಿ. ನಿನ್ನ ಆರು ಜಾಕೆಟ್ ಆರು ಪಾತ್ರೆಯ ಅನ್ನ. ಒಂದನ್ನು ಗಸ್ತಿನ ಕಾರಿನ ಡಿಕ್ಕಿಯಲ್ಲಿ ನಾಲ್ಕು ಬೇಸಿಗೆ ಬೇಯಿಸಿರುತ್ತಾರೆ. ಇನ್ನೊಂದನ್ನು ಕಚೇರಿಯ ಕಪಾಟಿನಲ್ಲಿ ಮಡಿಸಿಟ್ಟು ಮರೆತಿರುತ್ತಾರೆ. ಮತ್ತೊಂದನ್ನು ಬೆವರಿನ ಆಳು ದಿನಾ ತೊಟ್ಟು, ಭಾನುವಾರ ವಾಷಿಂಗ್ ಮೆಷಿನ್ನಿಗೆ ಹಾಕಿರುತ್ತಾನೆ. ಲೇಬಲ್ಲಿನಲ್ಲಿ ಆರರದ್ದೂ ಒಂದೇ ಕಂಪನಿ, ಒಂದೇ ಮಾಡೆಲ್, ಒಂದೇ ತಿಂಗಳು ಇದ್ದರೂ, ಗೋದಾಮಿನಿಂದ ಹೊರಟ ದಿನದಿಂದ ಆರೂ ಬೇರೆ ಬೇರೆ ಬಾಳು ಬಾಳಿವೆ. ಕಾರ್ಖಾನೆಯವರು ಒಂದು ಲಾಟಿನಿಂದ ಕೆಲವನ್ನು ಎತ್ತಿ ಹೊಡೆದು ಇಡೀ ಲಾಟನ್ನು ಪಾಸ್ ಮಾಡಬಹುದು, ಯಾಕೆಂದರೆ ಅವೆಲ್ಲ ಹೊಸವು. ಸರ್ಪ್ಲಸ್ ಮಾಲಿಗೆ ಲಾಟು ಎಂಬುದೇ ಇಲ್ಲ. ಗುಂಡು ಹೊಡೆದದ್ದರ ಬಗ್ಗೆ ನಿನಗೆ ಎಲ್ಲ ತಿಳಿಯುತ್ತದೆ, ಆದರೆ ಅದನ್ನು ಇನ್ನು ತೊಡುವ ಹಾಗಿಲ್ಲ. ತೊಡುವ ಐದರ ಬಗ್ಗೆ ಶುಕ್ರವಾರ ಎಷ್ಟು ತಿಳಿದಿತ್ತೋ ಭಾನುವಾರವೂ ಅಷ್ಟೇ.

ಇದು ಬರೀ ನನ್ನ ಮಿಲ್ಲಿನ ತರ್ಕವಲ್ಲ. ನಿಮ್ಮ ದೇಶದಲ್ಲೇ ಇದಕ್ಕೆ ದೊಡ್ಡ ಬೆಲೆ ತೆತ್ತಿದ್ದಾರೆ.

ಡೆಟ್ರಾಯ್ಟಿನಲ್ಲಿ ರಿಚರ್ಡ್ ಡೇವಿಸ್ ಎಂಬವನು ಪಿಜ್ಜಾ ಅಂಗಡಿ ಇಟ್ಟಿದ್ದ. ಮೊದಲು ನೌಕಾಪಡೆಯ ಮರೀನ್ ಸಿಪಾಯಿಯಾಗಿದ್ದವನು. 1969ರಲ್ಲಿ ಪಿಜ್ಜಾ ತಲುಪಿಸಲು ಹೋದಾಗ ದರೋಡೆಕೋರರ ಗುಂಡು ತಿಂದು ಬದುಕಿ ಬಂದ. ಆಮೇಲೆ ಜಾಕೆಟ್ ಮಾಡಲು ಹೊರಟು ಸೆಕೆಂಡ್ ಚಾನ್ಸ್ ಎಂಬ ಕಂಪನಿ ಕಟ್ಟಿದ. ಪೊಲೀಸರನ್ನು ಒಪ್ಪಿಸಲು ಅವನು ಹಿಡಿದ ದಾರಿ ಎಂಥದ್ದು ಅಂದರೆ, ಜಾಕೆಟ್ ತೊಟ್ಟು ಎಲ್ಲರ ಮುಂದೆ ತನ್ನ ಎದೆಗೆ ತಾನೇ ಗುಂಡು ಹೊಡೆದುಕೊಳ್ಳುವುದು. ಒಂದೆರಡು ಸಲವಲ್ಲ, ನೂರಕ್ಕೂ ಹೆಚ್ಚು ಸಲ. ನೋಡಿದ ಪೊಲೀಸರು ಸಾಲುಗಟ್ಟಿ ಕೊಂಡರು, ನಾನಾದರೂ ಕೊಳ್ಳುತ್ತಿದ್ದೆನೇನೋ. ಅದಕ್ಕಿಂತ ದೊಡ್ಡ ಸಾಕ್ಷಿ ಯಾವ ಮಾರಾಟಗಾರ ಕೊಡುತ್ತಾನೆ? ಆದರೆ ಅವನು ಹೊಡೆದುಕೊಂಡದ್ದು ತನ್ನ ಮೈಮೇಲಿದ್ದ, ಗೊತ್ತಿದ್ದ ಜಾಕೆಟ್ಟಿಗೆ. ಮೂರು ವರ್ಷ ಬೆವರು ಕುಡಿದ ಜಾಕೆಟ್ ಏನು ಮಾಡುತ್ತದೆಂದು ಆ ಪ್ರದರ್ಶನದಿಂದ ತಿಳಿಯುವ ಹಾಗಿರಲಿಲ್ಲ.

1990ರ ದಶಕದ ಕೊನೆಯಲ್ಲಿ ಜೈಲಾನ್ ಎಂಬ ಹೊಸ ನೂಲು ಬಂತು. ಜಪಾನಿನ ಟೊಯೊಬೊ ಕಂಪನಿಯದು. ಕೆವ್ಲಾರಿಗಿಂತ ಗಟ್ಟಿ, ಹಾಗಾಗಿ ಜಾಕೆಟ್ ಇನ್ನೂ ತೆಳ್ಳಗೆ, ಹಗುರ. ಸೆಕೆಂಡ್ ಚಾನ್ಸ್ ಸೇರಿ ಹಲವು ಕಂಪನಿಗಳು ಅದಕ್ಕೆ ಮುಗಿಬಿದ್ದವು. ಹೊಸದಾಗಿದ್ದಾಗ ಪರೀಕ್ಷೆಗಳನ್ನೆಲ್ಲ ಪಾಸ್ ಮಾಡಿದ ನೂಲು ಅದು. ತೊಂದರೆ ಇದ್ದದ್ದು ಅದರ ರಸಾಯನದಲ್ಲಿ. ತೇವ ಮತ್ತು ಬೆಳಕು ಸೇರಿದರೆ ಅದರ ಅಣುಸರಪಳಿ ಅಲ್ಲಲ್ಲಿ ಕಳಚಿಕೊಳ್ಳುತ್ತಿತ್ತು. ಮನುಷ್ಯನ ಮೈಯಷ್ಟು ತೇವದ, ಬಿಸಿಯ ಜಾಗ ಇನ್ನೊಂದು ಯಾವುದು? 2003ರ ಜೂನಿನಲ್ಲಿ ಪೆನ್ಸಿಲ್ವೇನಿಯಾದ ಫಾರೆಸ್ಟ್ ಹಿಲ್ಸ್ ಎಂಬ ಊರಿನಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ಜೈಲಾನ್ ಜಾಕೆಟ್ಟನ್ನು ಪಾಯಿಂಟ್ 40 ಕ್ಯಾಲಿಬರ್ ಪಿಸ್ತೂಲಿನ ಗುಂಡು ತೂರಿಕೊಂಡು ಹೋಯಿತು. ಆ ಗುಂಡನ್ನು ತಡೆಯಬೇಕಾದ ದರ್ಜೆಯ ಜಾಕೆಟ್ಟೇ ಅದು. ಅವರು ಬದುಕಿದರು, ಆದರೆ ಗಾಯ ದೊಡ್ಡದು.

ಆಗ ನ್ಯಾಯ ಇಲಾಖೆ ಎಚ್ಚೆತ್ತು, ಪೊಲೀಸರು ತೊಟ್ಟು ಬಳಸಿದ ಜೈಲಾನ್ ಜಾಕೆಟ್‌ಗಳನ್ನು ತರಿಸಿ ಪರೀಕ್ಷೆ ಮಾಡಿಸಿತು. ಫಲಿತಾಂಶ ಹೊರಬಂದದ್ದು 2005ರ ಆಗಸ್ಟಿನಲ್ಲಿ. ಒಟ್ಟು 103 ಜಾಕೆಟ್‌ಗಳಲ್ಲಿ 60ನ್ನು ಕನಿಷ್ಠ ಒಂದು ಗುಂಡಾದರೂ ತೂರಿತ್ತು. ತೂರದೆ ಉಳಿದ 43ರಲ್ಲೂ ಹೆಚ್ಚಿನವು ಗುಂಡಿನ ಪೆಟ್ಟಿಗೆ ಮೈಯ ಕಡೆಗೆ ಮಿತಿ ಮೀರಿ ಉಬ್ಬಿದ್ದವು. ಹೊಸ ಜಾಕೆಟ್ಟಿಗೆ ಇಟ್ಟ ಎಲ್ಲ ಅಳತೆಯನ್ನೂ ದಾಟಿದ್ದು ನಾಲ್ಕೇ ನಾಲ್ಕು. ಈಗ ನಿನ್ನ ಶನಿವಾರದ ಲೆಕ್ಕ ಇದಕ್ಕೆ ಹಾಕಿ ನೋಡು. ಆ 103ರಿಂದ ಕಣ್ಣುಮುಚ್ಚಿ ಒಂದನ್ನು ಎಳೆದು ಗುಂಡು ಹೊಡೆದಿದ್ದರೆ, ತೂರದೇ ಇರುವ ಜಾಕೆಟ್ಟು ಕೈಗೆ ಬರುವ ಸಾಧ್ಯತೆ ಹತ್ತಕ್ಕೆ ನಾಲ್ಕು. ಬಂದಿದ್ದರೆ "ನೋಡಿ, ತಡೆಯಿತು" ಅಂತ ಚಪ್ಪಾಳೆ ತಟ್ಟಿ ಉಳಿದವನ್ನು ಹಂಚಿಬಿಡುತ್ತಿದ್ದಿರಿ. ಎನ್‌ಐಜೆ ಜೈಲಾನ್ ಜಾಕೆಟ್‌ಗಳಿಗೆ ಕೊಟ್ಟಿದ್ದ ಮನ್ನಣೆ ಹಿಂತೆಗೆದುಕೊಂಡಿತು. ಸೆಕೆಂಡ್ ಚಾನ್ಸ್ ಅದಕ್ಕೂ ಮೊದಲೇ ದಿವಾಳಿಗೆ ಹೋಗಿತ್ತು. ಟೊಯೊಬೊ 2018ರಲ್ಲಿ ಅಮೆರಿಕ ಸರ್ಕಾರದ ದಾವೆಯನ್ನು 6.6 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ನಿನ್ನ ಜಾಕೆಟ್ಟಿನ ಲೇಬಲ್ಲಿನಲ್ಲಿ ಜೈಲಾನ್ ಅಥವಾ ಪಿಬಿಒ ಎಂಬ ಹೆಸರು ಕಂಡರೆ ಮುಂದೆ ಓದುವ ಕೆಲಸವೇ ಇಲ್ಲ, ಅದನ್ನು ಪಕ್ಕಕ್ಕಿಡು.

ಹಾಗಾದರೆ ಬಾಳಿಕೆಯನ್ನು ಪರೀಕ್ಷಿಸುವುದೇ ಆಗುವುದಿಲ್ಲವೇ? ಆಗುತ್ತದೆ. ಜೈಲಾನಿನ ಪೆಟ್ಟು ತಿಂದ ಮೇಲೆ 2008ರಲ್ಲಿ ಬಂದ ಎನ್‌ಐಜೆ ಮಾನದಂಡ, ಅದರ ಸಂಖ್ಯೆ 0101.06, ಮುದಿತನವನ್ನೇ ಜಾಕೆಟ್ಟಿನ ಮೇಲೆ ಬರಿಸಿ ನೋಡುತ್ತದೆ. ಜಾಕೆಟ್ಟಿನೊಳಗಿನ ನೂಲುಪದರದ ಪ್ಯಾನೆಲ್‌ಗಳನ್ನು 65 ಡಿಗ್ರಿ ಬಿಸಿ, ಶೇಕಡಾ 80 ತೇವವಿರುವ ದೊಡ್ಡ ಡ್ರಮ್ಮಿನೊಳಗೆ ಹಾಕಿ, ನಿಮಿಷಕ್ಕೆ ಐದು ಸುತ್ತಿನಂತೆ ಹತ್ತು ದಿನ ಹಗಲೂ ರಾತ್ರಿ ಉರುಳಿಸುತ್ತಾರೆ. 72,000 ಸುತ್ತು. ಆಮೇಲೆ ಗುಂಡು ಹೊಡೆಯುತ್ತಾರೆ. ಬೇರೆ ಪ್ಯಾನೆಲ್‌ಗಳನ್ನು ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿ ಹೊಡೆಯುತ್ತಾರೆ. ಮೊದಲ ಸಲ ಇದನ್ನು ಓದಿದಾಗ ನನಗೆ ಖುಷಿಯಾಯಿತು. ಬಟ್ಟೆಯ ಮನಸ್ಸು ಬಲ್ಲವರು ಯಾರೋ ಕೂತು ಬರೆದಿದ್ದಾರೆ ಅನ್ನಿಸಿತು. ಲೇಬಲ್ಲಿನಲ್ಲಿ 0101.06 ಇದ್ದರೆ ಆ ಮಾಡೆಲ್ ಈ ಡ್ರಮ್ಮನ್ನು ದಾಟಿ ಬಂದದ್ದು ಅಂತ ಅರ್ಥ. 0101.04 ಅಥವಾ ಅದಕ್ಕೂ ಹಿಂದಿನದಾಗಿದ್ದರೆ ಅದು ಡ್ರಮ್ಮಿನ ಮುಖ ನೋಡಿದ್ದಲ್ಲ. 2023ರ ನವೆಂಬರಿನಲ್ಲಿ 0101.07 ಬಂದಿದೆ, ಅದರಲ್ಲಿ ದರ್ಜೆಗಳ ಹೆಸರೂ ಬದಲಾಗಿವೆ. ಪಿಸ್ತೂಲಿಗೆ ಎಚ್‌ಜಿ, ರೈಫಲ್ಲಿಗೆ ಆರ್‌ಎಫ್ ಅಂತ ಶುರುವಾಗುತ್ತವೆ.

ನಿಮ್ಮ ರೇಂಜಿನ ಪರೀಕ್ಷೆಯ ಇನ್ನೊಂದು ಕುಂದು ಗುಂಡಿನ ವೇಗ. 06ನೇ ಮಾನದಂಡದಲ್ಲಿ ಎರಡನೇ ದರ್ಜೆಯ ಹೊಸ ಜಾಕೆಟ್ಟಿಗೆ ಹೊಡೆಯುವ 9 ಎಂಎಂ ಗುಂಡಿನ ವೇಗ ಸೆಕೆಂಡಿಗೆ 398 ಮೀಟರ್. ನಿಮ್ಮಲ್ಲಿ ಯಾರದ್ದಾದರೂ ಸಾಮಾನ್ಯ ಪಿಸ್ತೂಲಿನಿಂದ ಅಂಗಡಿಯ ಸಾಮಾನ್ಯ ಕಾಡತೂಸು ಹೊಡೆದರೆ ಅದು 350ರ ಆಸುಪಾಸು ಬರುತ್ತದೆ. ವೇಗ ಇಷ್ಟು ಇಳಿದರೆ ಗುಂಡಿನ ಶಕ್ತಿ ಮುಕ್ಕಾಲಿಗೆ ಬಂದಿರುತ್ತದೆ. ಪ್ರಶ್ನೆಪತ್ರಿಕೆ ಸುಲಭ ಮಾಡಿ ಪಾಸ್ ಮಾಡಿಸಿದ ಹಾಗಾಯಿತು. ಪ್ರಯೋಗಾಲಯದಲ್ಲಿ ಒಂದು ಪ್ಯಾನೆಲ್ಲಿಗೆ ಆರು ಗುಂಡು. ಅದರಲ್ಲಿ ಅಂಚಿನ ಹತ್ತಿರ, ಓರೆಯಾಗಿ ಹೊಡೆಯುವವೂ ಸೇರಿರುತ್ತವೆ. ನೀವು ನಟ್ಟನಡುವೆ ಒಂದು ಹೊಡೆದು ಫೋಟೋ ತೆಗೆಯುತ್ತೀರಿ.

ತೂರಲಿಲ್ಲ ಅಂದಮಾತ್ರಕ್ಕೆ ತಡೆಯಿತು ಅಂತಲೂ ಆಗುವುದಿಲ್ಲ. ಜಾಕೆಟ್ಟನ್ನು ಬೇಲಿಗೂಟಕ್ಕೋ ಹಲಗೆಗೋ ನೇತುಹಾಕಿ ಹೊಡೆದರೆ ಹಿಂದೆ ಏನಾಯಿತೆಂಬುದು ತಿಳಿಯುವುದೇ ಇಲ್ಲ. ಗುಂಡು ನಿಂತರೂ ಬಟ್ಟೆ ಒಳಕ್ಕೆ ಉಬ್ಬಿ ಎದೆಗೂಡನ್ನು ಗುದ್ದುತ್ತದೆ. ಅದನ್ನು ಅಳೆಯಲು ಪ್ಯಾನೆಲ್ಲಿನ ಹಿಂದೆ ಶಿಲ್ಪಿಗಳು ಬಳಸುವ ಒಂದು ಎಣ್ಣೆಜೇಡಿ ಇಡುತ್ತಾರೆ, ಕುಳಿ 44 ಮಿಲಿಮೀಟರ್ ಮೀರಬಾರದು. ಆ ಜೇಡಿಯ ಹದ ಸರಿ ಇದೆಯೇ ನೋಡಲು ಒಂದು ಕಿಲೋ ಚಿಲ್ಲರೆ ತೂಕದ ಉಕ್ಕಿನ ಗುಂಡನ್ನು ಎರಡು ಮೀಟರ್ ಎತ್ತರದಿಂದ ಬೀಳಿಸಿ, 19 ಮಿಲಿಮೀಟರ್ ಆಸುಪಾಸಿನ ಗುಳಿ ಬಿತ್ತೇ ಅಂತ ಅಳೆಯುತ್ತಾರೆ. ಅಷ್ಟು ಶಿಸ್ತಿನ ಕೆಲಸ ಅದು. ಒದ್ದೆ ಪೇಪರಿನ ಕಟ್ಟು, ಕಲ್ಲಂಗಡಿ ಹಣ್ಣು ಇವೆಲ್ಲ ವಿಡಿಯೋ ಮಾಡುವವರಿಗೆ ಚೆಂದ.

ಇನ್ನು ಜಾಕೆಟ್ಟಿನ ವಯಸ್ಸಿನ ವಿಷಯ. ಮೆದು ಪ್ಯಾನೆಲ್ಲಿಗೆ ಕಂಪನಿಗಳು ಸಾಮಾನ್ಯವಾಗಿ ಐದು ವರ್ಷದ ವಾರಂಟಿ ಕೊಡುತ್ತವೆ, ಅದು ಮುಗಿದ ಕೂಡಲೇ ಪೊಲೀಸ್ ಇಲಾಖೆಗಳು ಬದಲಾಯಿಸುತ್ತವೆ. ನಿಮ್ಮ ಸರ್ಪ್ಲಸ್ ಬಹುಪಾಲು ಹೀಗೆ ಬಂದದ್ದು. ಐದು ವರ್ಷ ತುಂಬಿದ ಮರುದಿನ ಕೆವ್ಲಾರ್ ಪುಡಿಯಾಗುವುದಿಲ್ಲ, ಮಾರುವವನು ಹೇಳುವ ಈ ಮಾತು ನಿಜವೇ. ವಯಸ್ಸಿಗಿಂತ ಜಾಕೆಟ್ಟನ್ನು ನೋಡಿಕೊಂಡ ರೀತಿಯೇ ಹೆಚ್ಚು ಮುಖ್ಯ ಅಂತ ಎನ್‌ಐಜೆ ಕೂಡ ಹೇಳಿದೆ. ಆದರೆ ಹೇಗೆ ನೋಡಿಕೊಂಡರು ಎಂಬುದನ್ನೇ ಸರ್ಪ್ಲಸ್ ಅಂಗಡಿಯವನು ಹೇಳಲಾರ. ನಿನಗೆ ವಯಸ್ಸು ಗೊತ್ತು, ನಡತೆ ಗೊತ್ತಿಲ್ಲ. ಹೆಣ್ಣು ಕೊಡುವವರಾದರೂ ಇದಕ್ಕಿಂತ ಹೆಚ್ಚು ವಿಚಾರಿಸುತ್ತಾರೆ.

ಆದರೂ ಕೈಯಿಂದ, ಕಣ್ಣಿನಿಂದ, ಮೂಗಿನಿಂದ ಆಗುವ ವಿಚಾರಣೆ ಒಂದಿಷ್ಟಿದೆ, ಅದನ್ನು ಮಾಡು. ಹೊರಗವಸಿನಿಂದ ಪ್ಯಾನೆಲ್ ಹೊರಗೆಳೆ. ಒಳಗಿನ ನೂಲಿನ ಪದರಗಳು ಒಂದು ನೀರು ತಡೆಯುವ ಚೀಲದೊಳಗೆ ಇರುತ್ತವೆ, ಅಂಚು ಬಿಸಿಯಿಂದ ಅಂಟಿಸಿರುತ್ತಾರೆ. ಆ ಚೀಲ ಎಲ್ಲಾದರೂ ಬಿರಿದಿದ್ದರೆ, ಯಾರಾದರೂ ಟೇಪು ಹಚ್ಚಿದ್ದರೆ, ತೂತಿದ್ದರೆ ಅಲ್ಲಿಗೆ ಮುಗಿಯಿತು. ಕೆವ್ಲಾರ್ ಒದ್ದೆಯಾದರೆ ಎಳೆಗಳ ನಡುವೆ ನೀರು ಜಾರಿಕೆ ತರುತ್ತದೆ, ಗುಂಡು ಎಳೆಗಳನ್ನು ಸರಿಸಿಕೊಂಡು ಮುಂದೆ ಹೋಗುತ್ತದೆ. ಒಣಗಿದರೆ ತಾಕತ್ತು ಬಹುಪಾಲು ಮರಳುತ್ತದೆ. ಬಿಸಿಲಿನ ನೇರಳಾತೀತ ಕಿರಣ ಮತ್ತು ಬ್ಲೀಚು ಮಾಡಿದ ಹಾನಿ ಮರಳುವುದಿಲ್ಲ. ಪ್ಯಾನೆಲ್ಲನ್ನು ಎರಡೂ ಅಂಗೈ ನಡುವೆ ಇಟ್ಟು ಮೇಲಿಂದ ಕೆಳಗಿನವರೆಗೆ ಒತ್ತುತ್ತಾ ಬಾ. ಎಲ್ಲೋ ಮುದ್ದೆಯಾಗಿದೆ, ಎಲ್ಲೋ ತೆಳುವಾಗಿದೆ, ಹೊಟ್ಟೆಯ ಮಡಿಕೆ ಬೀಳುವಲ್ಲಿ ಗೆರೆ ಕೂತಿದೆ ಅನ್ನಿಸಿದರೆ ಬಿಡು. ಮೂಸಿ ನೋಡು, ಬೂಷ್ಟಿನ ವಾಸನೆ ಬಂದರೆ ಒಳಗೆ ತೇವ ಕೂತಿತ್ತು ಅಂತ. ಒಳಗಿರುವುದು ಡೈನೀಮಾ, ಸ್ಪೆಕ್ಟ್ರಾದಂಥ ಪಾಲಿಥಿಲೀನ್ ನೂಲಾದರೆ ಅದಕ್ಕೆ ನೀರಿನ ಭಯವಿಲ್ಲ, ಬಿಸಿಯ ಭಯ ಇದೆ. ಟೆಕ್ಸಾಸಿನ ಆಗಸ್ಟಿನಲ್ಲಿ ಬಿಸಿಲಿಗೆ ನಿಂತ ಕಾರು ಅದಕ್ಕೆ ಒಳ್ಳೆಯ ಜಾಗವಲ್ಲ. ಇಷ್ಟೆಲ್ಲ ನೋಡಿ ಒಂದನ್ನು ಫೇಲ್ ಮಾಡಬಹುದು. ಪಾಸ್ ಮಾಡಲು ಇದೂ ಸಾಲದು, ಅದು ನೆನಪಿರಲಿ.

ಲೇಬಲ್ ಇಲ್ಲದ್ದನ್ನು ಮುಟ್ಟಲೇಬೇಡ. ಲೇಬಲ್ಲಿನಲ್ಲಿ ತಯಾರಕರ ಹೆಸರು, ಮಾಡೆಲ್, ದರ್ಜೆ, ತಯಾರಾದ ದಿನ, ಮೈಗೆ ಅಂಟಬೇಕಾದ ಬದಿ ಯಾವುದು ಎಂಬುದೆಲ್ಲ ಇರುತ್ತದೆ. ಮಾಡೆಲ್ಲನ್ನು ಎನ್‌ಐಜೆ ಒಪ್ಪಿದ ಮಾಡೆಲ್‌ಗಳ ಪಟ್ಟಿಯೊಂದಿಗೆ ತಾಳೆ ನೋಡು. ಮಿಲಿಟರಿ ಸರ್ಪ್ಲಸ್ ಅಂದರೆ ಇನ್ನೂ ಒಂದು ಮೋಸ ಉಂಟು. ವಿಯೆಟ್ನಾಂ ಯುದ್ಧದ ಕಾಲದ ನೈಲಾನ್ ಫ್ಲಾಕ್ ಜಾಕೆಟ್, 1980ರ ದಶಕದ ಪ್ಯಾಸ್ಗಟ್ ಎಂಬ ಕೆವ್ಲಾರ್ ಜಾಕೆಟ್, ಇವೆಲ್ಲ ಶೆಲ್ಲು ಗ್ರೆನೇಡುಗಳ ಚೂರು ತಡೆಯಲು ಮಾಡಿದವು. ನೋಡಲು ದಪ್ಪಗೆ, ಭಾರವಾಗಿ, ಬಲವಾಗಿ ಕಾಣುತ್ತವೆ. ಆದರೆ ಎನ್‌ಐಜೆ ದರ್ಜೆಯೇ ಇಲ್ಲ. ಅಗ್ಗದ ಸರ್ಪ್ಲಸ್ ಕೊಂಡವರಲ್ಲಿ ಇವನ್ನೇ ಬುಲೆಟ್‌ಪ್ರೂಫ್ ಅಂದುಕೊಂಡವರು ಕಡಿಮೆಯೇನಿಲ್ಲ.

ಗಟ್ಟಿ ಪ್ಲೇಟಿನ ಬಗ್ಗೆ ಎರಡೇ ಮಾತು. ರೈಫಲ್ ಗುಂಡು ತಡೆಯುವ ಸೆರಾಮಿಕ್ ಪ್ಲೇಟು ಒಮ್ಮೆ ಸಿಮೆಂಟು ನೆಲಕ್ಕೆ ಬಿದ್ದರೆ ಹೊರಗಿನ ಬಟ್ಟೆ ಹಾಗೇ ಇದ್ದು ಒಳಗೆ ಬಿರುಕು ಬಿಟ್ಟಿರಬಹುದು. ಅಮೆರಿಕದ ಸೇನೆ ತನ್ನ ಪ್ಲೇಟುಗಳನ್ನು ಎಕ್ಸ್‌ರೇ ಹಾಕಿ ನೋಡುತ್ತದೆ. ಅಂಥ ಸೇನೆಯೇ, ಪರೀಕ್ಷೆಗಳು ಸರಿಯಾಗಿ ನಡೆದಿಲ್ಲ ಎಂಬ ರಕ್ಷಣಾ ಇಲಾಖೆಯ ತಪಾಸಣಾ ವರದಿ ಬಂದ ಮೇಲೆ 2009ರ ಜನವರಿಯಲ್ಲಿ 16,000ಕ್ಕೂ ಹೆಚ್ಚು ಸೆಟ್ ಪ್ಲೇಟು ಹಿಂದಕ್ಕೆ ತರಿಸಿಕೊಂಡಿತು. ಉಕ್ಕಿನ ಪ್ಲೇಟಿಗೆ ಬಾಳಿಕೆ ಇದೆ. ಆದರೆ ಗುಂಡು ಅದಕ್ಕೆ ಬಡಿದು ಚೂರುಚೂರಾಗಿ ಗದ್ದಕ್ಕೂ ತೋಳಿಗೂ ಸಿಡಿಯುತ್ತದೆ. ಆಂಬುಲೆನ್ಸಿನವರಿಗೆ ಎರಡೂ ಬೇಕಿಲ್ಲ, ಅಷ್ಟು ಭಾರ ಹೊತ್ತು ಸ್ಟ್ರೆಚರ್ ಎತ್ತುವುದಕ್ಕಾಗುತ್ತದೆಯೇ?

ದುಡ್ಡಿನ ಮಾತಿಗೆ ಬರೋಣ, ಇದೆಲ್ಲ ಶುರುವಾದದ್ದೇ ಅದರಿಂದ ತಾನೆ. ನಿಮ್ಮಲ್ಲಿ ಒಂದು ಸಲಕ್ಕೆ ಕರೆಗೆ ಹೋಗುವವರು ಇಬ್ಬರೇ ಅಂತ ನೀನೇ ಹೇಳಿದ್ದೆ. ಹಾಗಾದರೆ ಆರು ಗುಮಾನಿಯ ಜಾಕೆಟ್ ಯಾಕೆ? ಪಾಳಿಯವರು ಬದಲಾಯಿಸಿಕೊಂಡು ತೊಡಬಹುದಾದ, ಪಟ್ಟಿ ಎಳೆದು ಹೊಂದಿಸಿಕೊಳ್ಳುವ, ಎನ್‌ಐಜೆ ಪಟ್ಟಿಯಲ್ಲಿ ಹೆಸರಿರುವ ಎರಡು ಹೊಸದನ್ನು ಚಂದಾ ಎತ್ತಿ ಕೊಳ್ಳಿ. ಊರಿನ ಪೊಲೀಸ್ ಮುಖ್ಯಸ್ಥರನ್ನೂ ಕೇಳಿ ನೋಡು. ಕೆಲಸ ಬಿಟ್ಟುಹೋದವರ, ವಾರಂಟಿ ಇನ್ನೂ ಉಳಿದಿರುವ ಜಾಕೆಟ್ ಅವರ ಹತ್ತಿರ ಇದ್ದೀತು. ಅಂಥದ್ದಕ್ಕಾದರೆ ಯಾರು ತೊಟ್ಟರು, ಎಲ್ಲಿ ಇಟ್ಟರು ಅಂತ ಕೇಳಲು ಒಬ್ಬ ಮನುಷ್ಯನಾದರೂ ಇರುತ್ತಾನೆ. ಆ ಅಗ್ಗದ ಆರನ್ನು ತರಬೇತಿಗೆ ಇಟ್ಟುಕೊಳ್ಳಿ. ಭಾರ ಹೊತ್ತು ಓಡಿ, ಬಾಗಿ, ಗಾಯಾಳುವಿನ ಮೈಯಿಂದ ಜಾಕೆಟ್ ಬೇಗ ಕಳಚುವುದನ್ನು ಕಲಿಯಿರಿ. ಅದಕ್ಕೆ ಅವು ಬಂಗಾರ. ಮತ್ತೊಂದು ಮಾತು, ಪಿಸ್ತೂಲಿನ ದರ್ಜೆಯ ಜಾಕೆಟ್ ಚೂರಿಯನ್ನು ತಡೆಯುವ ಖಾತರಿ ಇಲ್ಲ. ನಿಮ್ಮ ಕೆಲಸದಲ್ಲಿ ಅದೇ ಹೆಚ್ಚು ಎದುರಾಗಬಹುದು, ಕೊಳ್ಳುವಾಗ ಇರಿತದ ದರ್ಜೆಯನ್ನೂ ವಿಚಾರಿಸು.

ಕಾನೂನು ನಿನಗೇ ಗೊತ್ತಿರಬೇಕು. ಹಿಂಸೆಯ ಅಪರಾಧದಲ್ಲಿ ಶಿಕ್ಷೆಯಾದವರು ಅಲ್ಲಿ ಇಂಥ ಜಾಕೆಟ್ ಇಟ್ಟುಕೊಳ್ಳುವಂತಿಲ್ಲ. ನ್ಯೂಯಾರ್ಕ್ 2022ರಿಂದ ಮಾರಾಟವನ್ನೇ ಬಿಗಿ ಮಾಡಿದೆ. ಕೆಲವು ದರ್ಜೆಯದನ್ನು ಪರವಾನಗಿ ಇಲ್ಲದೆ ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಊರಿಗೆ ಬರುವಾಗ ತಮಾಷೆಗೆ ಒಂದನ್ನು ಸೂಟ್‌ಕೇಸಿಗೆ ತುರುಕಿಕೊಂಡು ಬರಬೇಡ. ನಮ್ಮಲ್ಲೂ 2018ರಿಂದ ಐಎಸ್ 17051 ಅಂತ ಸ್ವಂತ ಮಾನದಂಡ ಇದೆ, ನಿನ್ನ ಹಳೆಯ ಮಾಲಿಗೆ ಇಲ್ಲಿ ಯಾರೂ ಕಾಯುತ್ತಿಲ್ಲ.

ಇಷ್ಟು ಹೇಳಿದ ಮೇಲೂ ಶನಿವಾರ ಹೊಡೆಯಲೇಬೇಕು ಅನ್ನಿಸಿದರೆ ಹೊಡೆಯಿರಿ, ನೋಡಿ ಕಲಿಯುವುದಕ್ಕೆ ಬೇಕಾದಷ್ಟಿದೆ. ತೊಟ್ಟವನಿಗೆ ಹೊಡೆಯುವ ಮಾತು ತಮಾಷೆಗೂ ಬೇಡ. ಡೇವಿಸನ ಕಥೆ ಓದಿ ಯಾರಿಗಾದರೂ ಹುಕಿ ಬಂದರೆ ಅವನನ್ನು ಮನೆಗೆ ಕಳಿಸು. ರೇಂಜಿನವರ ಒಪ್ಪಿಗೆ ಮೊದಲೇ ಪಡೆ, ಹಿಂದೆ ಮಣ್ಣಿನ ದಿಬ್ಬ ಇರಲಿ, ಎಲ್ಲರ ಕಣ್ಣಿಗೆ ಕನ್ನಡಕ ಇರಲಿ. ಉಕ್ಕಿನ ಪ್ಲೇಟಿಗೆ ಹತ್ತಿರದಿಂದ ಹೊಡೆಯಬೇಡಿ, ಚೂರು ವಾಪಸ್ ಬರುತ್ತದೆ. ಮುಗಿದ ಮೇಲೆ ಆ ಪ್ಯಾನೆಲ್ಲಿನ ಎರಡೂ ಬದಿಗೆ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದು, ಲೇಬಲ್ ಕಿತ್ತು, ಪಟ್ಟಿಗಳನ್ನು ಕತ್ತರಿಸಿ ಹಾಕು. ಪ್ಯಾನೆಲ್ಲನ್ನೇ ತುಂಡು ಮಾಡಬೇಕೆಂದರೆ ಮನೆಯ ಕತ್ತರಿ ಸಾಗುವುದಿಲ್ಲ, ಕೆವ್ಲಾರಿಗೆಂದೇ ಬೇರೆ ಕತ್ತರಿ ಬರುತ್ತದೆ, ಅದನ್ನು ತರಿಸು. ಇಡಿಯಾಗಿ ಕಸದ ತೊಟ್ಟಿಗೆ ಹಾಕಿದರೆ ಯಾರೋ ಎತ್ತಿ ಒಗೆದು ಒಣಗಿಸಿ ಮತ್ತೆ ಮಾರುತ್ತಾರೆ.

ಉಳಿದ ಐದರ ಲೇಬಲ್ಲಿನ ಫೋಟೋ ಕಳಿಸು, ಅಕ್ಷರ ಓದುವ ಹಾಗೆ ಹತ್ತಿರದಿಂದ ತೆಗಿ.

ನಿನ್ನ ದೊಡ್ಡಪ್ಪ